ಚೌಕದ ಮೇಲೆ ಹೆಸರಿರಲಿ
ವೆಬ್ ಅರ್ಜಿಯ ಖಾಲಿ ಚೌಕಗಳೊಳಗೆ ಮಸುಕು ಬೂದು ಬಣ್ಣದಲ್ಲಿ ‘ತಂದೆಯ ಹೆಸರು’, ‘ಪಿನ್ ಕೋಡ್’ ಎಂದು ಬರೆದು, ಮೇಲಿರಬೇಕಾದ ಲೇಬಲನ್ನೇ ತೆಗೆದುಹಾಕುವ ರೂಢಿ ನನಗೆ ಒಪ್ಪಿಗೆಯಿಲ್ಲ. ಪುಟ ಚೊಕ್ಕವಾಗಿ ಕಾಣುತ್ತದೆ, ನಿಜ. ಆದರೆ ಮೊದಲ ಅಕ್ಷರ ಒತ್ತಿದ ಕೂಡಲೇ ಆ ಸುಳಿವು (ಪ್ಲೇಸ್‌ಹೋಲ್ಡರ್) ಮಾಯ. ಅರ್ಧ ತುಂಬಿ, ಒಟಿಪಿ ನೋಡಿಕೊಂಡು ಮರಳಿದವರಿಗೆ ಯಾವ ಚೌಕ ಏನು ಕೇಳಿತ್ತೆಂದು ಗೊತ್ತಾಗಬೇಕಾದರೆ ಬರೆದದ್ದನ್ನು ಅಳಿಸಬೇಕು. ಬೂದು ಅಕ್ಷರಗಳನ್ನು ಕಂಡು, ಉತ್ತರ ಆಗಲೇ ತುಂಬಿದೆ ಎಂದುಕೊಂಡು ಮುಂದೆ ಹೋಗುವವರೂ ಇದ್ದಾರೆ, ತಪ್ಪು ಅವರದಲ್ಲ. ಪ್ಲೇಸ್‌ಹೋಲ್ಡರನ್ನು ಲೇಬಲ್ಲಿನ ಬದಲಿಗೆ ಬಳಸಬಾರದೆಂದು ಎಚ್‌ಟಿಎಂಎಲ್ ನಿಯಮಾವಳಿಯೇ ಹೇಳುತ್ತದೆ. ಬಣ್ಣದ ವಿಚಾರಕ್ಕೆ ಬಂದರೆ, 2018ರಲ್ಲಿ ಬಂದ ವೆಬ್ ಸುಗಮ್ಯತೆಯ ಡಬ್ಲ್ಯುಸಿಎಜಿ 2.1 ಮಾನದಂಡದ ಎಎ ಹಂತದಲ್ಲಿ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಕಾಂಟ್ರಾಸ್ಟ್ ಬೇಕು. ಚೌಕವನ್ನು ಗುರುತಿಸಿಕೊಡುವ ಅಂಚಿಗೆ 3:1. ಈ ಅಂಚಿನ ಮಾತು ಮುಖ್ಯ. ಮಸುಕು ಗೆರೆಯ ಚೌಕ ಬಿಸಿಲಲ್ಲಿ ಹಿಡಿದ ಮೊಬೈಲಿನಲ್ಲಿ ಕಾಣುವುದೇ ಇಲ್ಲ. ಎಲ್ಲಿ ಬರೆಯಬೇಕೆಂದು ಜನ ಪರದೆಯನ್ನೆಲ್ಲ ಒತ್ತುತ್ತಾರೆ. ಪಿಂಚಣಿಗೋ ವಿದ್ಯಾರ್ಥಿವೇತನಕ್ಕೋ ಅರ್ಜಿ ಹಾಕುವವರನ್ನು ಹೀಗೆ ತಡಕಾಡಿಸುವುದು ಅನ್ಯಾಯ. ವಿನ್ಯಾಸಕರೇ, ಲೇಬಲ್ ಚೌಕದ ಮೇಲೆ ಸದಾ ಇರಲಿ, ಉದಾಹರಣೆ ಪಕ್ಕದಲ್ಲೋ ಕೆಳಗೋ ಬರಲಿ, ಚೌಕದ ಒಳಗನ್ನು ಬರೆಯುವವರಿಗೇ ಬಿಟ್ಟುಕೊಡಿ.