ಪ್ರಾಕ್ಟಿಕಲ್ ನರ್ಸ್‌ನಿಂದ ರಿಜಿಸ್ಟರ್ಡ್ ನರ್ಸ್‌ಗೆ: ಹತ್ತಿರದ ದಾರಿ ಮತ್ತು ಅಡ್ಡದಾರಿ

2023ರ ಜನವರಿಯಲ್ಲಿ ಅಮೆರಿಕದ ನ್ಯಾಯ ಇಲಾಖೆ ಬಹಿರಂಗಪಡಿಸಿದ ಪ್ರಕರಣವೊಂದು ಅಲ್ಲಿನ ಆಸ್ಪತ್ರೆಗಳನ್ನು ಬೆಚ್ಚಿಬೀಳಿಸಿತು. ಫ್ಲಾರಿಡಾ ರಾಜ್ಯದ ಮೂರು ನರ್ಸಿಂಗ್ ಶಾಲೆಗಳ ಹೆಸರಿನಲ್ಲಿ 7,600ಕ್ಕೂ ಹೆಚ್ಚು ನಕಲಿ ಡಿಪ್ಲೊಮಾಗಳು ಮಾರಾಟವಾಗಿದ್ದವು. 25 ಮಂದಿಯ ಮೇಲೆ ಆರೋಪ ಹೊರಿಸಲಾಯಿತು. ತನಿಖೆಗೆ ಇಟ್ಟ ಹೆಸರು 'ಆಪರೇಷನ್ ನೈಟಿಂಗೇಲ್'. ಕಾಗದ ಕೊಂಡವರಲ್ಲಿ ಸುಮಾರು 2,400 ಮಂದಿ ಪರವಾನಗಿ ಪರೀಕ್ಷೆಯಲ್ಲಿ ತೇರ್ಗಡೆಯೂ ಆಗಿದ್ದರು. ಸಾವಿರಾರು ಡಾಲರ್ ತೆತ್ತು ಈ ಕಾಗದ ಕೊಂಡವರಲ್ಲಿ ಅದಾಗಲೇ ಪ್ರಾಕ್ಟಿಕಲ್ ನರ್ಸ್‌ಗಳಾಗಿ ದುಡಿಯುತ್ತಿದ್ದವರೂ ಇದ್ದರು ಎಂಬುದು ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚಿದೆ.

ಅವರು ರೋಗಿಯನ್ನು ಕಂಡೇ ಇರದವರಲ್ಲ. ವರ್ಷಗಟ್ಟಲೆ ವಾರ್ಡುಗಳಲ್ಲಿ ನಡೆದಾಡಿದವರು. ಹಾಗಿದ್ದೂ ಅವರು ಅಡ್ಡದಾರಿ ಹಿಡಿದದ್ದೇಕೆ? ಇದಕ್ಕೆ ಉತ್ತರ ಬೇಕಾದರೆ ಆ ದೇಶದ ನರ್ಸಿಂಗ್ ವ್ಯವಸ್ಥೆಯನ್ನು ಸ್ವಲ್ಪ ಅರಿಯಬೇಕು.

ಅಮೆರಿಕದಲ್ಲಿ ಪ್ರಾಕ್ಟಿಕಲ್ ನರ್ಸ್ ಆಗಲು ಸುಮಾರು ಒಂದು ವರ್ಷದ ತರಬೇತಿ ಸಾಕು. ಕ್ಯಾಲಿಫೋರ್ನಿಯಾ ಮತ್ತು ಟೆಕ್ಸಸ್‌ಗಳಲ್ಲಿ ಇವರನ್ನೇ ವೊಕೇಷನಲ್ ನರ್ಸ್ ಎನ್ನುತ್ತಾರೆ. ರಕ್ತದೊತ್ತಡ ನೋಡುವುದು, ಗಾಯಕ್ಕೆ ಡ್ರೆಸ್ಸಿಂಗ್ ಮಾಡುವುದು, ಔಷಧ ಕೊಡುವುದು, ವೃದ್ಧರ ಆರೈಕೆ ಮುಂತಾದ ಕೆಲಸಗಳನ್ನು ರಿಜಿಸ್ಟರ್ಡ್ ನರ್ಸ್ ಅಥವಾ ವೈದ್ಯರ ಮೇಲ್ವಿಚಾರಣೆಯಲ್ಲಿ ಇವರು ಮಾಡುತ್ತಾರೆ. ರೋಗಿಯ ಸ್ಥಿತಿಯನ್ನು ಸಮಗ್ರವಾಗಿ ಅಳೆದು ಆರೈಕೆಯ ಯೋಜನೆ ರೂಪಿಸುವ ಹೊಣೆ ರಿಜಿಸ್ಟರ್ಡ್ ನರ್ಸ್‌ನದು. ಅದಕ್ಕೆ ಎರಡು ವರ್ಷದ ಅಸೋಸಿಯೇಟ್ ಪದವಿ ಅಥವಾ ನಾಲ್ಕು ವರ್ಷದ ಬಿಎಸ್ಸಿ ಓದಿ, ಎನ್‌ಕ್ಲೆಕ್ಸ್ ಎಂಬ ಪರವಾನಗಿ ಪರೀಕ್ಷೆ ಬರೆಯಬೇಕು.

ವೇತನದ ಅಂತರವೂ ದೊಡ್ಡದು. ಅಮೆರಿಕದ ಕಾರ್ಮಿಕ ಅಂಕಿಅಂಶ ಸಂಸ್ಥೆಯ 2024ರ ಲೆಕ್ಕದಂತೆ ಪ್ರಾಕ್ಟಿಕಲ್ ನರ್ಸ್‌ಗಳ ಮಧ್ಯಮ ವಾರ್ಷಿಕ ವೇತನ 62,340 ಡಾಲರ್. ರಿಜಿಸ್ಟರ್ಡ್ ನರ್ಸ್‌ಗಳದು 93,600 ಡಾಲರ್. ಒಂದೇ ವಾರ್ಡಿನಲ್ಲಿ, ಒಂದೇ ಪಾಳಿಯಲ್ಲಿ ದುಡಿಯುವ ಇಬ್ಬರ ನಡುವಿನ ಅಂತರವಿದು. ಮನೆ ಬಾಡಿಗೆ, ಮಕ್ಕಳ ಶಾಲೆ, ಊರಿಗೆ ಕಳುಹಿಸಬೇಕಾದ ಹಣ ಇವೆಲ್ಲವನ್ನು ಹೆಗಲ ಮೇಲೆ ಹೊತ್ತ ತಾಯಿಯೊಬ್ಬಳಿಗೆ ಈ ಅಂತರ ಬರಿಯ ಅಂಕಿಯಲ್ಲ.

ಈ ಕಂದರವನ್ನು ದಾಟಲೆಂದೇ ಪ್ರಾಮಾಣಿಕವಾದ ಸಂಕವೊಂದಿದೆ. ಅದೇ ಬ್ರಿಜ್ ಕೋರ್ಸ್. ಪ್ರಾಕ್ಟಿಕಲ್ ನರ್ಸ್ ಈಗಾಗಲೇ ಕಲಿತದ್ದನ್ನು ಕಾಲೇಜು ಪರಿಗಣಿಸುತ್ತದೆ. ಅಂಗರಚನೆ, ಶರೀರಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರದಂತಹ ಪೂರ್ವಭಾವಿ ವಿಷಯಗಳನ್ನು ಮುಗಿಸಿಕೊಂಡವರು ಎರಡು ವರ್ಷದ ಪದವಿಯನ್ನು ಸುಮಾರು ಒಂದು ವರ್ಷದಲ್ಲಿ ಪೂರೈಸಬಹುದು. ಹಲವು ಕಡೆ ಪಾಠ ಆನ್‌ಲೈನ್‌ನಲ್ಲಿ ಅಥವಾ ಸಂಜೆಯ ಹೊತ್ತಿನಲ್ಲಿ ನಡೆಯುತ್ತದೆ. ಆದರೆ ಆಸ್ಪತ್ರೆಯ ಹಾಸಿಗೆಯ ಬದಿಯ ತರಬೇತಿಗೆ ವಿನಾಯಿತಿ ಇಲ್ಲ. ಕೊನೆಯಲ್ಲಿ ಎಲ್ಲರಂತೆಯೇ ಎನ್‌ಕ್ಲೆಕ್ಸ್ ಎದುರಿಸಬೇಕು. 2023ರ ಏಪ್ರಿಲ್‌ನಿಂದ ಹೊಸ ರೂಪದಲ್ಲಿರುವ ಈ ಪರೀಕ್ಷೆ ಅಭ್ಯರ್ಥಿಯ ನೆನಪಿಗಿಂತ ವಿವೇಚನೆಯನ್ನು ಹೆಚ್ಚು ಒರೆಗೆ ಹಚ್ಚುತ್ತದೆ.

ಕಾನೂನುಬದ್ಧವಾದ ಹತ್ತಿರದ ದಾರಿಗೂ ಬೆಲೆಯುಂಟು. ಕ್ಯಾಲಿಫೋರ್ನಿಯಾದಲ್ಲಿ ವೊಕೇಷನಲ್ ನರ್ಸ್ ಒಬ್ಬರು ಪದವಿ ಪಡೆಯದೆ, 30 ಯೂನಿಟ್‌ಗಳ ನಿಗದಿತ ಪಾಠ ಮಾತ್ರ ಮುಗಿಸಿ ರಿಜಿಸ್ಟರ್ಡ್ ನರ್ಸ್ ಪರೀಕ್ಷೆಗೆ ಕೂರಲು ಅವಕಾಶವಿದೆ. ಆದರೆ ಹಾಗೆ ಪಡೆದ ಪರವಾನಗಿಯನ್ನು ಬೇರೆ ರಾಜ್ಯಗಳು ಒಪ್ಪದಿರಬಹುದು. ಮುಂದೆ ಬಿಎಸ್ಸಿ ಓದಹೊರಟರೂ ಕೈಯಲ್ಲಿ ಪದವಿ ಇಲ್ಲದಿರುವುದು ಅಡ್ಡ ಬರುತ್ತದೆ. ಸೇರುವ ಮುನ್ನ ಆಯಾ ರಾಜ್ಯದ ನರ್ಸಿಂಗ್ ಮಂಡಳಿಯ ಮಾನ್ಯತೆಯನ್ನು ವಿಚಾರಿಸದವರು ಹಣವನ್ನೂ ಕಾಲವನ್ನೂ ಕಳೆದುಕೊಳ್ಳುತ್ತಾರೆ.

ಇಷ್ಟು ದೂರದ ಸುದ್ದಿಯನ್ನು ನಾವು ಇಲ್ಲಿ ಚರ್ಚಿಸಲು ಕಾರಣವಿದೆ. ನಮ್ಮ ಕರಾವಳಿಯ ಧರ್ಮಕೇಂದ್ರಗಳಲ್ಲಿ ಮಗಳೋ ಸೊಸೆಯೋ ವಿದೇಶದಲ್ಲಿ ನರ್ಸ್ ಆಗಿರುವ ಮನೆಗಳು ಬೇಕಾದಷ್ಟಿವೆ. ಕೆನಡಾಕ್ಕೆ ಹೋದವರಲ್ಲಿ ಹಲವರು, ಇಲ್ಲಿ ಪೂರ್ಣ ನರ್ಸ್‌ಗಳಾಗಿದ್ದವರು, ಅಲ್ಲಿ ಪ್ರಾಕ್ಟಿಕಲ್ ನರ್ಸ್ ಆಗಿ ಮೊದಲ ಮೆಟ್ಟಿಲಿನಿಂದ ಮತ್ತೆ ಏರಿದ್ದಾರೆ. "ಆರು ತಿಂಗಳಲ್ಲಿ ಎಲ್ಲ ಮಾಡಿಸಿಕೊಡುತ್ತೇವೆ" ಎನ್ನುವ ಏಜೆಂಟರ ಮಾತು ಇಂತಹ ಮನೆಗಳಿಗೇ ಮೊದಲು ತಲುಪುತ್ತದೆ.

ನಮ್ಮ ದೇಶದ ಸ್ಥಿತಿಯನ್ನೂ ನೋಡಬೇಕು. ಎರಡು ವರ್ಷದ ಎಎನ್‌ಎಂ ಮುಗಿಸಿದವಳು ಮೂರು ವರ್ಷದ ಜಿಎನ್‌ಎಂ ಸೇರಬಹುದು. ಆದರೆ ಅವಳು ಕಲಿತದ್ದಕ್ಕೆ ರಿಯಾಯಿತಿ ಸಿಗದೆ ಮತ್ತೆ ಮೊದಲ ವರ್ಷದಿಂದಲೇ ಆರಂಭಿಸಬೇಕು. ಜಿಎನ್‌ಎಂ ಆದವಳಿಗೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಎಂಬ ಸಂಕವಿದೆ. ಆದರೆ ಸಾಮಾನ್ಯವಾಗಿ ಆ ಎರಡು ವರ್ಷ ಸಂಬಳ ಬಿಟ್ಟು ಕೂರಬೇಕು. ತಂಗಿಯ ಮದುವೆ, ಮನೆಯ ಸಾಲ ಇರುವವಳು ಎಲ್ಲಿಂದ ಬಿಟ್ಟಾಳು? ಹೀಗೆ ಜಾಣೆಯರಾದ ಎಷ್ಟೋ ಹೆಣ್ಣುಮಕ್ಕಳು ಕೆಳಗಿನ ಮೆಟ್ಟಿಲಿನಲ್ಲೇ ಉಳಿಯುತ್ತಾರೆ.

ನಕಲಿ ಕಾಗದ ಕೊಂಡವರನ್ನು ನಾವು ಸಮರ್ಥಿಸುವುದಿಲ್ಲ. ಔಷಧದ ಪ್ರಮಾಣದಲ್ಲಿ ಒಂದು ಬಿಂದುವಿನ ತಪ್ಪಿಗೆ ಜೀವವೇ ಹೋದೀತು. ಮಲಗಿರುವ ರೋಗಿಗೆ ತನ್ನ ನರ್ಸ್‌ನ ಪ್ರಮಾಣಪತ್ರ ಪರಿಶೀಲಿಸುವ ಶಕ್ತಿ ಇರುವುದಿಲ್ಲ; ಅವನು ನಂಬುತ್ತಾನೆ, ಅಷ್ಟೆ. ಆ ನಂಬಿಕೆಯನ್ನು ಮಾರುವುದು ಪಾಪ. ಆದರೆ ಏಣಿಯ ಮೆಟ್ಟಿಲುಗಳನ್ನು ತೀರಾ ದೂರ ದೂರ ಇಟ್ಟು, ಏರಲಾರದವರನ್ನು ದೂರುವುದಷ್ಟೇ ನ್ಯಾಯವೂ ಅಲ್ಲ. ಕಾಲುಸಂಕ ಇಲ್ಲದ ಕಡೆಯಲ್ಲೇ ಜನ ತುಂಬಿದ ಹೊಳೆಗೆ ಇಳಿಯುವುದು.

1880ರಲ್ಲಿ ಫಾದರ್ ಆಗಸ್ಟಸ್ ಮುಲ್ಲರ್ ಮಂಗಳೂರಿನ ಕಂಕನಾಡಿಯಲ್ಲಿ ರೋಗಿಗಳಿಗೆ ಔಷಧ ಕೊಡಲಾರಂಭಿಸಿದ ಕಾಲದಿಂದಲೂ ಆರೋಗ್ಯಸೇವೆ ನಮ್ಮ ಧರ್ಮಸಭೆಯ ಕೆಲಸವಾಗಿದೆ. ಆದ್ದರಿಂದ ನಮ್ಮ ಆಸ್ಪತ್ರೆಗಳನ್ನು ನಡೆಸುವವರಲ್ಲಿ ನಮ್ಮ ವಿನಂತಿ ಇಷ್ಟೇ: ಐದಾರು ವರ್ಷ ನಿಷ್ಠೆಯಿಂದ ದುಡಿದ ನರ್ಸ್ ಮುಂದೆ ಓದಲು ಬಯಸಿದರೆ ಅವಳಿಗೆ ಅರ್ಧ ಸಂಬಳದ ರಜೆಯನ್ನಾದರೂ ಕೊಡಿ. ಪ್ರತಿ ಧರ್ಮಕೇಂದ್ರ ವರ್ಷಕ್ಕೆ ಒಬ್ಬಳ ಶುಲ್ಕ ವಹಿಸಿಕೊಳ್ಳುವುದು ಅಸಾಧ್ಯವಲ್ಲ. ಹಬ್ಬದ ಪಟಾಕಿಯ ಖರ್ಚನ್ನು ಒಮ್ಮೆ ಲೆಕ್ಕ ಹಾಕಿ ನೋಡೋಣ. ಹೆತ್ತವರೂ ಅಷ್ಟೇ, ಏಜೆಂಟರಿಗೆ ಹಣ ಕೊಡುವ ಮೊದಲು ಸಂಸ್ಥೆಯ ಮಾನ್ಯತೆಯನ್ನು ನರ್ಸಿಂಗ್ ಪರಿಷತ್ತಿನಲ್ಲಿ ವಿಚಾರಿಸಲಿ.

ಶುಭಸಂದೇಶದ ದಯಾಳು ಸಮಾರಿತ ಗಾಯಾಳುವನ್ನು ಕಂಡು ಮರುಗಿದ್ದಷ್ಟೇ ಅಲ್ಲ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟು ಕಟ್ಟಿದ. ಏನು ಮಾಡಬೇಕೆಂದು ಅವನಿಗೆ ಗೊತ್ತಿತ್ತು. ಹೊರಡುವಾಗ ಮುಂದಿನ ಆರೈಕೆಯ ಖರ್ಚಿಗೆ ಹಣವನ್ನೂ ಇಟ್ಟುಹೋದ. ಕಲಿಕೆಯೂ ಬೇಕು, ಕಲಿಯುವವಳ ಖರ್ಚಿಗೆ ಹೆಗಲು ಕೊಡುವವರೂ ಬೇಕು. ಎರಡನೆಯದು ನಮ್ಮ ಪಾಲಿನ ಕೆಲಸ.