ತಂತಿ ತಲುಪದ ಕಡೆಗಾಗಿ

ಮುಂಬಯಿಯಿಂದ ಕೊಂಕಣ ರೈಲಿನಲ್ಲಿ ಊರಿಗೆ ಹೋಗಿಬರುವವರಿಗೆ ಒಂದು ಹಳೆಯ ವಾಸನೆಯ ನೆನಪಿರಬಹುದು. ರತ್ನಾಗಿರಿಯ ಬಳಿಯ ಕರಬುಡೆ ಸುರಂಗ ಆರೂವರೆ ಕಿಲೋಮೀಟರ್ ಉದ್ದ. ರೈಲು ಅದನ್ನು ಹೊಕ್ಕೊಡನೆ ಡೀಸೆಲ್ ಹೊಗೆ ಕಿಟಕಿಯಿಂದ ಒಳಗೆ ನುಗ್ಗುತ್ತಿತ್ತು. ಮಕ್ಕಳು ಕೆಮ್ಮುತ್ತಿದ್ದರು, ಹಿರಿಯರು ಸೆರಗನ್ನೋ ಕರವಸ್ತ್ರವನ್ನೋ ಮೂಗಿಗೆ ಒತ್ತಿಕೊಳ್ಳುತ್ತಿದ್ದರು. 2022ರಲ್ಲಿ ರೋಹಾದಿಂದ ತೋಕೂರಿನವರೆಗಿನ ಸುಮಾರು 740 ಕಿಲೋಮೀಟರ್ ಮಾರ್ಗದ ವಿದ್ಯುದೀಕರಣ ಮುಗಿಯಿತು, ಕ್ರಮೇಣ ಆ ಹೊಗೆ ಹಿಂದೆ ಸರಿಯಿತು. ಆದರೆ ಅದೇ ಊರಿಗೆ ವಿಮಾನದಲ್ಲಿ ಹೋಗುವಾಗ, ತಂತಿ ಎಳೆಯಲು ಆಕಾಶದಲ್ಲಿ ಕಂಬಗಳಿಲ್ಲ. ಜಲಜನಕವನ್ನೂ ಇಂಗಾಲದ ಡೈಆಕ್ಸೈಡನ್ನೂ ಕೂಡಿಸಿ ತಯಾರಿಸುವ ಸಂಶ್ಲೇಷಿತ ಇಂಧನದ ಪ್ರಶ್ನೆ ಇರುವುದು ಈ ಎರಡು ಪ್ರಯಾಣಗಳ ನಡುವಿನ ವ್ಯತ್ಯಾಸದಲ್ಲಿ. ವಿಚಿತ್ರವೆಂದರೆ, ಜಗತ್ತಿನಲ್ಲಿ ಇದರ ಬಗ್ಗೆ ನಡೆದ ಅತಿ ದೊಡ್ಡ ಜಗಳ ರೈಲಿನದೂ ಅಲ್ಲ, ವಿಮಾನದ್ದೂ ಅಲ್ಲ, ಕಾರಿನದು.

ಈ ವಿದ್ಯೆ ಹೊಸತೇನಲ್ಲ. 1920ರ ದಶಕದಲ್ಲಿ ಜರ್ಮನಿಯ ಫ್ರಾಂಜ್ ಫಿಷರ್ ಮತ್ತು ಹಾನ್ಸ್ ಟ್ರೋಪ್ಶ್ ಕಲ್ಲಿದ್ದಲಿನಿಂದ ಪಡೆದ ಅನಿಲವನ್ನು ದ್ರವ ಇಂಧನವಾಗಿಸುವ ಮಾರ್ಗ ಕಂಡುಹಿಡಿದರು. ತೈಲವಿಲ್ಲದ ಜರ್ಮನಿ ಎರಡನೆಯ ಮಹಾಯುದ್ಧದಲ್ಲಿ ಅದನ್ನು ಬಳಸಿತು. ಮುಂದೆ ದಕ್ಷಿಣ ಆಫ್ರಿಕಾವೂ ಆ ದಾರಿ ಹಿಡಿಯಿತು. ಈಗ ಹೊಸದಾಗಿ ಬಂದಿರುವುದು ಕಚ್ಚಾವಸ್ತು ಮಾತ್ರ. ಗಾಳಿ ಅಥವಾ ಬಿಸಿಲಿನ ವಿದ್ಯುತ್ತಿನಿಂದ ನೀರನ್ನು ಒಡೆದು ಜಲಜನಕ ಪಡೆಯಬೇಕು; ಯಾವುದಾದರೂ ಚಿಮಣಿಯಿಂದಲೋ ನೇರ ವಾತಾವರಣದಿಂದಲೋ ಇಂಗಾಲದ ಡೈಆಕ್ಸೈಡ್ ಹಿಡಿಯಬೇಕು; ಎರಡನ್ನೂ ಕೂಡಿಸಿ ಮೆಥನಾಲ್, ಪೆಟ್ರೋಲ್ ಅಥವಾ ವಿಮಾನದ ಸೀಮೆಎಣ್ಣೆ ಮಾಡಬೇಕು. ಉರಿಸಿದಾಗ ಹೊರಬರುವ ಇಂಗಾಲ ಮೊದಲು ಹಿಡಿದ ಇಂಗಾಲವೇ ಆದ್ದರಿಂದ ಸಾಲ ತೀರಿತು ಎಂಬುದು ಇದರ ಪ್ರತಿಪಾದಕರ ವಾದ.

ಆ ಲೆಕ್ಕವನ್ನು ಒಮ್ಮೆ ನಾವೇ ಹಾಕಿ ನೋಡೋಣ. ಶಾಲೆಯ ರಸಾಯನಶಾಸ್ತ್ರ ಸಾಕು. ಒಂದು ಟನ್ ಮೆಥನಾಲಿಗೆ ಸುಮಾರು 1.4 ಟನ್ ಇಂಗಾಲದ ಡೈಆಕ್ಸೈಡ್ ಮತ್ತು 190 ಕಿಲೋ ಜಲಜನಕ ಬೇಕು. ಒಂದು ಕಿಲೋ ಜಲಜನಕಕ್ಕೆ ಇಂದಿನ ಯಂತ್ರಗಳು 50ರಿಂದ 55 ಯೂನಿಟ್ ವಿದ್ಯುತ್ತನ್ನೂ ಕನಿಷ್ಠ 9 ಲೀಟರ್ ಶುದ್ಧ ನೀರನ್ನೂ ಬೇಡುತ್ತವೆ. ಅಂದರೆ ಒಂದು ಟನ್ ಮೆಥನಾಲಿಗೆ ಸುಮಾರು 10,000 ಯೂನಿಟ್ ವಿದ್ಯುತ್ತು, 1,700 ಲೀಟರ್ ನೀರು. ಕೈಗೆ ಬಂದ ಮೆಥನಾಲಿನಲ್ಲಿ ಉಳಿದಿರುವ ಶಕ್ತಿ ಸುಮಾರು 5,500 ಯೂನಿಟ್. ಅದನ್ನು ಕಾರಿನ ಎಂಜಿನ್ನಿನಲ್ಲಿ ಉರಿಸಿದರೆ ಮುಕ್ಕಾಲು ಭಾಗ ಶಾಖವಾಗಿ ಹೋಗುತ್ತದೆ. ಚಕ್ರಕ್ಕೆ ತಲುಪುವುದು ಹೂಡಿದ್ದರ ಏಳರಲ್ಲಿ ಒಂದು ಪಾಲು.

ಇನ್ನೂ ಸರಳವಾಗಿ ಹೇಳುವುದಾದರೆ, ಒಂದು ಲೀಟರ್ ಸಂಶ್ಲೇಷಿತ ಪೆಟ್ರೋಲಿಗೆ ಹತ್ತಿರಹತ್ತಿರ 20 ಯೂನಿಟ್ ವಿದ್ಯುತ್ ಖರ್ಚಾಗುತ್ತದೆ. ಅದರಲ್ಲಿ ನಮ್ಮ ಸಣ್ಣ ಕಾರೊಂದು ಹೆಚ್ಚೆಂದರೆ 20 ಕಿಲೋಮೀಟರ್ ಓಡೀತು. ಅದೇ 20 ಯೂನಿಟ್ಟನ್ನು ವಿದ್ಯುತ್ ಕಾರಿನ ಬ್ಯಾಟರಿಗೆ ತುಂಬಿದರೆ 120 ಕಿಲೋಮೀಟರ್ ದಾಟುತ್ತದೆ. ಇದು ಮುಂದಿನ ಸಂಶೋಧನೆಯಿಂದ ಪೂರ್ತಿ ಅಳಿಸಿಹೋಗುವ ಅಂತರವಲ್ಲ. ಪ್ರತಿ ಮೆಟ್ಟಿಲಿನಲ್ಲೂ ಪ್ರಕೃತಿ ತನ್ನ ಸುಂಕ ವಸೂಲು ಮಾಡುತ್ತದೆ.

ಇಷ್ಟಾದರೂ 2023ರ ಮಾರ್ಚಿನಲ್ಲಿ ಜರ್ಮನಿಯ ಸರ್ಕಾರ ಯುರೋಪಿನ ಕಾರು ಕಾಯಿದೆಯನ್ನು ಕೊನೆಯ ಗಳಿಗೆಯಲ್ಲಿ ತಡೆದು ನಿಲ್ಲಿಸಿತು. 2035ರ ನಂತರ ಇಂಗಾಲ ಉಗುಳುವ ಹೊಸ ಕಾರುಗಳ ಮಾರಾಟ ಬೇಡ ಎನ್ನುವ ಆ ಕಾಯಿದೆಯಲ್ಲಿ, ಸಂಶ್ಲೇಷಿತ ಇಂಧನದಿಂದ ಮಾತ್ರ ಓಡುವ ಕಾರುಗಳಿಗೆ ದಾರಿ ಬಿಡುವ ಭರವಸೆ ಪಡೆದ ಮೇಲೆಯೇ ಅದು ಸಹಿ ಹಾಕಿತು. ಅದಕ್ಕೆ ಮೂರು ತಿಂಗಳು ಮೊದಲು, ಚಿಲಿ ದೇಶದ ದಕ್ಷಿಣದ ತುದಿಯಲ್ಲಿ, ಪುಂಟಾ ಅರೇನಾಸ್ ಊರಿನ ಹತ್ತಿರ ಹಾರು ಓನಿ ಎಂಬ ಪ್ರಾಯೋಗಿಕ ಘಟಕ ಆರಂಭವಾಗಿತ್ತು. ಅದರ ಮೊದಲ ಇಂಧನವನ್ನು ತುಂಬಿಸಿಕೊಂಡದ್ದು ಒಂದು ಪೋರ್ಷೆ ಸ್ಪೋರ್ಟ್ಸ್ ಕಾರು. ಘಟಕದ ಪ್ರಾಯೋಗಿಕ ಹಂತದ ಗುರಿ ವರ್ಷಕ್ಕೆ 1,30,000 ಲೀಟರ್. ದೆಹಲಿಯಿಂದ ಅಮೆರಿಕಕ್ಕೆ ಹಾರುವಂಥ ಒಂದು ಬೋಯಿಂಗ್ 777 ವಿಮಾನದ ಟ್ಯಾಂಕು 1,80,000 ಲೀಟರ್ ಹಿಡಿಯುತ್ತದೆ. ವರ್ಷದ ದುಡಿಮೆಯಿಂದ ಒಂದು ವಿಮಾನದ ಹೊಟ್ಟೆಯೂ ತುಂಬುವುದಿಲ್ಲ.

ಇಲ್ಲಿ ಒಂದು ನ್ಯಾಯವಾದ ಪ್ರತಿವಾದವಿದೆ, ಅದನ್ನು ಮರೆಮಾಚಬಾರದು. ಪ್ಯಾಟಗೋನಿಯಾದಲ್ಲಿ ವರ್ಷವಿಡೀ ಬಿರುಗಾಳಿ. ಜನ ಮಾತ್ರ ವಿರಳ. ಅಲ್ಲಿಯ ಗಾಳಿಯ ವಿದ್ಯುತ್ತನ್ನು ತಂತಿಯಲ್ಲಿ ಬರ್ಲಿನ್ನಿಗೆ ತರಲಾಗದು. ಹಾಗೆ ವ್ಯರ್ಥವಾಗುವ ಗಾಳಿಯನ್ನು ಬಾಟಲಿಯಲ್ಲಿ ತುಂಬಿ ಹಡಗಿಗೆ ಹತ್ತಿಸಿದರೆ ತಪ್ಪೇನು? ತಪ್ಪಿಲ್ಲ. ಏಳರಲ್ಲಿ ಆರು ಪಾಲು ಸೋರಿದರೂ ಒಂದು ಪಾಲು ಲಾಭವೇ. ನನ್ನ ತಕರಾರು ಬಾಟಲಿ ತುಂಬುವುದರ ಬಗ್ಗೆ ಅಲ್ಲ, ಅದನ್ನು ಯಾರ ಮುಂದೆ ಇಡುತ್ತೇವೆ ಎಂಬುದರ ಬಗ್ಗೆ. ಕಾರಿಗೆ ಬ್ಯಾಟರಿ ಇದೆ, ರೈಲಿಗೆ ತಂತಿ ಇದೆ. ಒಂದು ಕಿಲೋ ವಿಮಾನ ಇಂಧನದಲ್ಲಿ ಸುಮಾರು 12 ಯೂನಿಟ್ ಶಕ್ತಿಯಿದ್ದರೆ, ಒಂದು ಕಿಲೋ ಬ್ಯಾಟರಿಯಲ್ಲಿ ಕಾಲು ಯೂನಿಟ್. ಸಾಗರ ದಾಟುವ ವಿಮಾನಕ್ಕೆ ಬೇರೆ ಗತಿಯಿಲ್ಲ. ಬಳಸಿದ ಅಡುಗೆಎಣ್ಣೆಯಿಂದಲೂ ವಿಮಾನ ಇಂಧನ ಮಾಡುತ್ತಾರೆ, ನಿಜ. ಆದರೆ ದೇಶದ ಎಲ್ಲ ಬೋಂಡಾ ಬಾಣಲೆಗಳನ್ನು ಬಸಿದರೂ ಎಷ್ಟು ವಿಮಾನ ಹಾರೀತು? ಯುರೋಪು ತನ್ನ ವಿಮಾನ ನಿಯಮದಲ್ಲಿ ಈ ವಿವೇಕ ತೋರಿಸಿದೆ. 2030-31ರ ಹೊತ್ತಿಗೆ ಸರಾಸರಿ ಶೇಕಡಾ 1.2, 2050ಕ್ಕೆ ಶೇಕಡಾ 35 ಸಂಶ್ಲೇಷಿತ ಇಂಧನ ಬೆರೆಸಲೇಬೇಕು ಎಂದು ವಿಧಿಸಿದೆ. ಹಡಗಿನ ಲೋಕದಲ್ಲೂ 2025ರಲ್ಲಿ ಡೆನ್ಮಾರ್ಕಿನ ಕಾಸೋದಲ್ಲಿ ವರ್ಷಕ್ಕೆ 42,000 ಟನ್ ಮೆಥನಾಲ್ ತಯಾರಿಸಬಲ್ಲ ಸ್ಥಾವರ ಬಾಗಿಲು ತೆರೆಯಿತು.

ಇನ್ನು ನಮ್ಮ ದೇಶ. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ 19,744 ಕೋಟಿ ರೂಪಾಯಿಗಳ ಹಸಿರು ಜಲಜನಕ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅಂತರರಾಷ್ಟ್ರೀಯ ವಿಮಾನಗಳಿಗೆ 2027ರಲ್ಲಿ ಶೇಕಡಾ 1, 2028ರಲ್ಲಿ ಶೇಕಡಾ 2 ಸುಸ್ಥಿರ ಇಂಧನ ಬೆರೆಸುವ ಗುರಿಯೂ ಇದೆ. ಮಧ್ಯಪ್ರದೇಶದ ವಿಂಧ್ಯಾಚಲದ ಕಲ್ಲಿದ್ದಲು ಸ್ಥಾವರದಲ್ಲಿ ಚಿಮಣಿಯ ಹೊಗೆಯಿಂದ ಹಿಡಿದ ಇಂಗಾಲಕ್ಕೆ ಜಲಜನಕ ಬೆರೆಸಿ ಮೆಥನಾಲ್ ಪಡೆದದ್ದು ಎಂಜಿನಿಯರುಗಳು ಹೆಮ್ಮೆ ಪಡಬೇಕಾದ ಕೆಲಸ. ಹೊಗೆಯಲ್ಲಿ ಇಂಗಾಲ ದಟ್ಟವಾಗಿರುವುದರಿಂದ ಅಲ್ಲಿ ಹಿಡಿಯುವುದು ಸುಲಭ. ತೆರೆದ ಗಾಳಿಯಿಂದ ಒಂದು ಟನ್ ಇಂಗಾಲದ ಡೈಆಕ್ಸೈಡ್ ಸೋಸಲು 1,500 ಟನ್ನಿಗೂ ಹೆಚ್ಚು ಗಾಳಿಯನ್ನು ಎಳೆಯಬೇಕಾಗುತ್ತದೆ.

ಆದರೆ ಚಿಮಣಿಯ ಇಂಗಾಲ ನೆಲದಡಿಯಿಂದ ಅಗೆದು ತೆಗೆದದ್ದು. ಅದು ಮೆಥನಾಲಾಗಿ, ಉರಿದು, ಕೊನೆಗೆ ಆಕಾಶಕ್ಕೇ ಹೋಗುತ್ತದೆ; ದಾರಿಯಲ್ಲಿ ಒಂದು ನಿಲ್ದಾಣ ಹೆಚ್ಚಾಯಿತು, ಅಷ್ಟೆ. ಸ್ಥಾವರದವರು ‘ನಾವು ಹಿಡಿದೆವು’ ಎಂದೂ ಇಂಧನ ಕೊಂಡವರು ‘ನಮ್ಮದು ಶುದ್ಧ’ ಎಂದೂ ಒಂದೇ ಟನ್ನಿಗೆ ಎರಡು ಖಾತೆಯಲ್ಲಿ ಜಮೆ ಬರೆದುಕೊಳ್ಳುವುದನ್ನು ಯಾವ ಶಾನುಭೋಗನೂ ಒಪ್ಪಲಾರ. ವಿದ್ಯುತ್ ಸ್ಥಾವರಗಳ ಇಂಥ ಇಂಗಾಲವನ್ನು 2036ರಿಂದ ಲೆಕ್ಕಕ್ಕೆ ಹಿಡಿಯುವುದಿಲ್ಲವೆಂದು ಯುರೋಪು ಹೇಳಿದೆ. ನಮ್ಮಲ್ಲಿಯೂ ಅಂಥದೊಂದು ಕೊನೆಯ ದಿನಾಂಕ ಈಗಲೇ ಬೇಕು, ಇಲ್ಲವಾದರೆ ಮೆಥನಾಲಿನ ಹೆಸರಿನಲ್ಲಿ ಹಳೆಯ ಚಿಮಣಿಗಳ ಆಯುಷ್ಯ ಬೆಳೆಯುತ್ತದೆ.

ಜಲಜನಕದ ಕಡೆಗೂ ಅಷ್ಟೇ ಕಟ್ಟುನಿಟ್ಟು ಬೇಕು. ನಮ್ಮ ಗ್ರಿಡ್ಡಿನ ಒಂದು ಯೂನಿಟ್ ಇಂದಿಗೂ ಸುಮಾರು 700 ಗ್ರಾಂ ಇಂಗಾಲದ ಡೈಆಕ್ಸೈಡ್ ಹೊತ್ತು ಬರುತ್ತದೆ. ಆ 10,000 ಯೂನಿಟ್ಟನ್ನು ಗ್ರಿಡ್ಡಿನಿಂದ ಎಳೆದರೆ, 1.4 ಟನ್ ಇಂಗಾಲ ಹಿಡಿಯಲು ಹೋಗಿ 7 ಟನ್ ಹೊರಗೆ ಬಿಟ್ಟಂತಾಗುತ್ತದೆ. ಒಂದು ಕಿಲೋ ಜಲಜನಕದ ಹಿಂದೆ 2 ಕಿಲೋಗಿಂತ ಹೆಚ್ಚು ಇಂಗಾಲದ ಹೊರೆ ಇದ್ದರೆ ಅದನ್ನು ಹಸಿರು ಎನ್ನಕೂಡದೆಂದು 2023ರಲ್ಲೇ ನಮ್ಮಲ್ಲಿ ಮಾನದಂಡ ಬಂದಿದೆ. ಅದನ್ನು ಸಡಿಲಿಸಬೇಕೆಂಬ ಒತ್ತಡ ಬಂದೇ ಬರುತ್ತದೆ, ಅದಕ್ಕೆ ಮಣಿಯಬಾರದು.

ನನ್ನ ಬೇಡಿಕೆ ದೊಡ್ಡದೇನಲ್ಲ. ಸಾರ್ವಜನಿಕ ಹಣ ಪಡೆದ ಪ್ರತಿ ಟನ್ ಇಂಧನದ ಜೊತೆ ಮೂರು ಸಂಗತಿಗಳನ್ನು ಬಹಿರಂಗವಾಗಿ ಬರೆದಿಡಲಿ: ವಿದ್ಯುತ್ತು ಎಲ್ಲಿಂದ ಬಂತು, ಇಂಗಾಲ ಯಾವ ಚಿಮಣಿಯದು, ಉರಿದದ್ದು ಯಾವ ಎಂಜಿನ್ನಿನಲ್ಲಿ. ಮೂರನೆಯ ಉತ್ತರ ‘ಕಾರು’ ಎಂದಿದ್ದರೆ ಸಹಾಯಧನ ಕೊಡುವುದು ಬೇಡ. ದುಬಾರಿ ಇಂಧನದಿಂದ ವಿಮಾನದ ಟಿಕೆಟಿನ ದರ ಏರುವುದಂತೂ ಖಂಡಿತ. ಏರಲಿ. ಊರಿನ ಜಾತ್ರೆಗೋ ಮದುವೆಗೋ ಹೊರಟವರಿಗೆ ಸಂಜೆ ಹೊರಟು ಬೆಳಿಗ್ಗೆ ಉಡುಪಿ ಮುಟ್ಟಿಸುವ ರೈಲು ಇದ್ದೇ ಇದೆ.