ಯಾರ ಪಾಪವೆಂದು ಕೇಳುವವರಿಗೆ

ಹುಟ್ಟುಕುರುಡನನ್ನು ಕಂಡೊಡನೆ ಶಿಷ್ಯರು ಯೇಸುಸ್ವಾಮಿಯನ್ನು ಕೇಳಿದ್ದು, ಇದು ಯಾರ ಪಾಪದ ಫಲವೆಂದು. ಪ್ರಭು ಆ ಲೆಕ್ಕವನ್ನೇ ತಳ್ಳಿಹಾಕಿ ಅವನಿಗೆ ದೃಷ್ಟಿಯನ್ನಿತ್ತರು. ಎಚ್.ಐ.ವಿ. ಸೋಂಕಿತರೊಬ್ಬರ ಸುದ್ದಿ ಕಿವಿಗೆ ಬಿದ್ದಾಗ ನಮ್ಮ ಮನೆಗಳಲ್ಲಿ ಇಂದಿಗೂ ಮೊದಲು ಏಳುವುದು ಶಿಷ್ಯರ ಪ್ರಶ್ನೆಯೇ: "ಹೇಗೆ ಬಂತಂತೆ?"

ಈ ಪ್ರಶ್ನೆಯೇ ಸೋಂಕು ಹರಡಲು ನೆರವಾಗುತ್ತಿದೆಯೆಂದರೆ ನೀವು ಮುನಿಯಬಾರದು. 2004ರಿಂದ ಸರ್ಕಾರ ಎ.ಆರ್.ಟಿ. ಔಷಧಿಯನ್ನು ಉಚಿತವಾಗಿ ನೀಡುತ್ತಿದೆ. ಕಿಮ್ಸ್ ಎಂದೇ ನಮಗೆಲ್ಲ ಪರಿಚಿತವಾದ ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆಯಲ್ಲೂ ಅದು ದೊರೆಯುತ್ತದೆ. ಔಷಧಿಯನ್ನು ತಪ್ಪದೆ ಸೇವಿಸಿ, ಪರೀಕ್ಷೆಯಲ್ಲಿ ಕಾಣದಷ್ಟು ವೈರಾಣು ಕುಗ್ಗಿ ಹಾಗೆಯೇ ಉಳಿದವರಿಂದ ಬಾಳಸಂಗಾತಿಗೆ ಲೈಂಗಿಕ ಸಂಪರ್ಕದಿಂದ ಸೋಂಕು ದಾಟುವುದಿಲ್ಲ. ಚಿಕಿತ್ಸೆಯಿಲ್ಲದಿದ್ದರೆ ತಾಯಿಯಿಂದ ಮಗುವಿಗೆ ಸೋಂಕು ತಗಲುವ ಸಂಭವ ಶೇಕಡಾ 15ರಿಂದ 45. ಸಕಾಲದ ಚಿಕಿತ್ಸೆಯಿಂದ ಅದು ಶೇಕಡಾ 5ಕ್ಕಿಂತ ಕೆಳಗಿಳಿಯುತ್ತದೆ. ಚಿಕಿತ್ಸೆಗೆ ಮೊದಲು ಪರೀಕ್ಷೆಯಾಗಬೇಕು. ಪರೀಕ್ಷೆಗೆ ಧೈರ್ಯ ಬೇಕು. ಧಾರವಾಡದಿಂದ ಹುಬ್ಬಳ್ಳಿ ಸುಮಾರು 20 ಕಿಲೋಮೀಟರ್. ಸಾಲಿನಲ್ಲಿ ಪರಿಚಿತರು ಕಂಡಾರೆಂಬ ಅಂಜಿಕೆ ಆ ಹಾದಿಯನ್ನು ಕಡಲನ್ನಾಗಿಸುತ್ತದೆ. ಆ ಅಂಜಿಕೆಯನ್ನು ಹುಟ್ಟಿಸಿದವರು ನಾವು.

"ಅನುಕಂಪ ತೋರಿದರೆ ಪಾಪಕ್ಕೆ ಪರವಾನಗಿ ಕೊಟ್ಟಂತಾಗದೇ, ಫಾದರ್?" ಎನ್ನುವವರಿದ್ದಾರೆ. ದಾಂಪತ್ಯನಿಷ್ಠೆಯನ್ನು ಬೋಧಿಸುವುದನ್ನು ನಾನು ಬಿಡಲಾರೆ. ಆದರೆ ಗಂಡನಿಗೆ ನಿಷ್ಠಳಾಗಿದ್ದೂ ಅವನಿಂದಲೇ ಸೋಂಕು ಪಡೆದ ಹೆಣ್ಣುಮಗಳಿಗೆ, ಹುಟ್ಟುವಾಗಲೇ ಪಡೆದ ಮಗುವಿಗೆ ನಿಮ್ಮ ಬಳಿ ಯಾವ ಉತ್ತರವಿದೆ? ಇನ್ನು ತಪ್ಪು ಹೆಜ್ಜೆಯಿಂದಲೇ ಬಂದಿತೆನ್ನಿ. ಪಾಪನಿವೇದನೆ ಕೇಳಲು ನಿಮ್ಮ ಮನೆಯ ಜಗುಲಿಗೆ ಅಧಿಕಾರ ಕೊಟ್ಟವರಾರು?

ನಾಡಿನ ಕಾನೂನು ನಮಗಿಂತ ಮುಂದೆ ನಡೆದಿದೆ. 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಎಚ್.ಐ.ವಿ. ಕಾಯಿದೆಯು ಉದ್ಯೋಗ, ಶಾಲೆ, ಚಿಕಿತ್ಸೆಗಳಲ್ಲಿ ಸೋಂಕಿತರಿಗೆ ಭೇದವೆಣಿಸುವುದನ್ನು ನಿಷೇಧಿಸುತ್ತದೆ. ಅವರ ಗುಟ್ಟನ್ನು ಕಾಯುತ್ತದೆ. ಪರಮಪ್ರಸಾದವನ್ನು ಸ್ವೀಕರಿಸುವ ನಾವು ಸಂಸತ್ತಿಗಿಂತ ಹಿಂದುಳಿಯಬಹುದೇ?

ಕುಷ್ಠರೋಗಿಯನ್ನು ಪ್ರಭು ಗುಣಪಡಿಸಿದ ನಂತರ ಮುಟ್ಟಲಿಲ್ಲ, ಮುಟ್ಟಿ ಗುಣಪಡಿಸಿದರು. ಕೈ ಕುಲುಕುವುದರಿಂದ, ಒಂದೇ ಲೋಟದಲ್ಲಿ ಚಹಾ ಕುಡಿಯುವುದರಿಂದ ಎಚ್.ಐ.ವಿ. ಹರಡದು. ಆದುದರಿಂದ ನಿಮ್ಮ ಧರ್ಮಕೇಂದ್ರದಲ್ಲಿ ಯಾರಾದರೂ ನಂಬಿ ಮನಬಿಚ್ಚಿದರೆ, ಆ ಮಾತು ನಿಮ್ಮಲ್ಲೇ ಉಳಿಯಲಿ. "ಹೇಗೆ ಬಂತು?" ಎಂದು ಕೇಳಬೇಡಿ. "ಔಷಧಿಗೆ ಹೋಗುವಾಗ ನಾನೂ ಜೊತೆಗೆ ಬರಲೇ?" ಎಂದು ಕೇಳಿರಿ.